ಟ್ಯೂಬ್ ಹೋಗದಿದ್ದರೆ? ಸಿಸೇರಿಯನ್ ಟೇಬಲ್ಲಿನ ತಲೆ ಕಡೆ ನಿಲ್ಲುವವರಿಗೆ

ರಾತ್ರಿ ಎರಡೂಕಾಲು, ಆಷಾಢದ ಮಳೆ. 108ರಲ್ಲಿ ಬಂದ ಹುಡುಗಿಗೆ ಇಪ್ಪತ್ತೆರಡು ವರ್ಷ. ಚೊಚ್ಚಲು, ಎಂಟೂವರೆ ತಿಂಗಳು. ಮನೆಯಲ್ಲೊಂದು ಸಲ, ದಾರಿಯಲ್ಲೊಂದು ಸಲ ಫಿಟ್ಸ್ ಬಂದಿತ್ತು. ನಾಲಿಗೆ ಕಚ್ಚಿಕೊಂಡು ಒಂದು ಬದಿ ನೇರಳೆ ಬಣ್ಣಕ್ಕೆ ಊದಿತ್ತು. ಮ್ಯಾಗ್ನೀಷಿಯಂ ಹಾಕಿದ ಮೇಲೆ ಫಿಟ್ಸ್ ನಿಂತಿತು, ಬಿಪಿ ಇಳಿಯಿತು. ಸ್ವಲ್ಪ ಉಸಿರು ಬಿಡೋಣ ಅನ್ನುವಷ್ಟರಲ್ಲಿ ಹೊಟ್ಟೆ ಕಲ್ಲಿನ ಹಾಗಾಯಿತು, ರಕ್ತ ಹೋಗತೊಡಗಿತು. ಮಾಸು ಬಿಟ್ಟುಕೊಂಡಿದೆ ಅಂದರು ಹೆರಿಗೆ ಡಾಕ್ಟರ್. ಪ್ಲೇಟ್‌ಲೆಟ್ 42,000. ರಕ್ತ ಹೆಪ್ಪುಗಟ್ಟುವುದೇ ಕಷ್ಟ, ಬೆನ್ನಿಗೆ ಸೂಜಿ ಹಾಕುವ (ಸ್ಪೈನಲ್) ಮಾತೇ ಇಲ್ಲ. ಪೂರ್ತಿ ಅರಿವಳಿಕೆಯೇ ಗತಿ.

ಔಷಧಿ ಕೊಟ್ಟೆ. ಶ್ವಾಸನಾಳಕ್ಕೆ ಉಸಿರಿನ ಟ್ಯೂಬ್ ಇಳಿಸಲು, ಗಂಟಲು ನೋಡುವ ಲಾರಿಂಗೋಸ್ಕೋಪ್ ಹಾಕಿದರೆ ಕಂಡಿದ್ದು ಬರೀ ನಾಲಿಗೆ, ಅದರ ಹಿಂದೆ ಶ್ವಾಸನಾಳದ ಮುಚ್ಚಳವಾದ ಎಪಿಗ್ಲಾಟಿಸ್‌ನ ತುದಿ. ಎರಡನೇ ಸಲ ಬೂಜಿ (ಟ್ಯೂಬಿಗೆ ದಾರಿ ತೋರಿಸುವ ಬಳುಕುವ ಕಡ್ಡಿ) ಹಾಕಿದೆ, ಅದು ಅನ್ನನಾಳಕ್ಕೆ ಹೋಯಿತು. ಆಗ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. 'ಇನ್ನೊಂದೇ ಸಲ' ಅಂತ ಮೂರನೇ ಸಲ ಹಾಕಿದೆ. ಪಲ್ಸ್ ಆಕ್ಸಿಮೀಟರಿನ ಸದ್ದು ಕೆಳಗಿಳಿಯುತ್ತಿತ್ತು, ನನ್ನ ಕಿವಿಗೆ ಬೀಳುತ್ತಿರಲಿಲ್ಲ. ಅಂಚಿನಲ್ಲಿ ನಿಂತಿದ್ದ ಸಿಸ್ಟರ್ ನಾನು ಕೇಳದೇ ಐಜೆಲ್ (ಶ್ವಾಸನಾಳದ ಬಾಯಿಯ ಮೇಲೆ ಕೂತು ಗಾಳಿ ಕೊಡುವ ಸಾಧನ) ಬಿಚ್ಚಿ ನನ್ನ ಬಲಗೈಗೆ ಇಟ್ಟರು. ಅದು ಕೂತಿತು. ರಕ್ತದ ಆಕ್ಸಿಜನ್ ಮಟ್ಟ, ಅಂದರೆ ಸ್ಯಾಚುರೇಷನ್, 64ರಿಂದ ನಿಧಾನಕ್ಕೆ ಮೇಲೆ ಬಂತು.

ಆಗ ಆ ಕಡೆಯಿಂದ ಹೆರಿಗೆ ಡಾಕ್ಟರ್ ಕೇಳಿದರು, "ಮೇಡಂ, ಶುರು ಮಾಡಲಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಟ್ಯೂಬ್ ಇಲ್ಲ, ಐಜೆಲ್ ಮೇಲೆ ಉಸಿರು ನಡೆದಿದೆ. ಹೊಟ್ಟೆಯಲ್ಲಿ ಏನಿದೆಯೋ ಗೊತ್ತಿಲ್ಲ, ಒಳಗೆ ರಕ್ತ ಹೋಗುತ್ತಿದೆ. ಮುಂದುವರಿಸುವುದಾ, ಎಬ್ಬಿಸುವುದಾ? ಅರ್ಧ ನಿಮಿಷ ಇರಬೇಕು, ನಾನು ಸುಮ್ನೆ ನಿಂತಿದ್ದೆ. ತಾಯಿ, ಮಗು ಇಬ್ಬರೂ ಉಳಿದರು, ಒಂಬತ್ತನೇ ದಿನ ಮನೆಗೆ ಹೋದರು. ಆದರೆ ಆ ಅರ್ಧ ನಿಮಿಷ ನನ್ನ ಜೊತೆಗೇ ಉಳಿದುಬಿಟ್ಟಿದೆ.

ಮಲೆನಾಡಿನ ಆಸ್ಪತ್ರೆಗಳಲ್ಲಿ ಇಪ್ಪತ್ತು ವರ್ಷದ ಮೇಲೆ ಮತ್ತು (ಅರಿವಳಿಕೆ) ಕೊಡುವ ಕೆಲಸ ಮಾಡಿದ್ದೇನೆ. ಇದನ್ನು ಬರೆಯುತ್ತಿರುವುದು ಈಗಷ್ಟೇ ಪಿಜಿ ಮುಗಿಸಿ ತಾಲ್ಲೂಕು ಆಸ್ಪತ್ರೆಗೆ ಬಂದವರಿಗೆ, ಸರ್ಕಾರಿ ಅರಿವಳಿಕೆ ತರಬೇತಿ ಮುಗಿಸಿ ಒಬ್ಬರೇ ನಿಲ್ಲುವ ಎಂಬಿಬಿಎಸ್ ಡಾಕ್ಟರುಗಳಿಗೆ, ಓಟಿ ಸಿಸ್ಟರುಗಳಿಗೆ. ಪುಸ್ತಕದಲ್ಲಿ ಇರುವುದನ್ನೇ ಹೇಳುತ್ತೇನೆ. ಆದರೆ ನಮ್ಮ ಓಟಿಯಲ್ಲಿ ಅದು ಹೇಗೆ ನಡೆಯುತ್ತದೆ ಅನ್ನುವ ಕಡೆಯಿಂದ.

ಬಸುರಿಯ ಗಂಟಲು ಯಾಕೆ ಬೇರೆ

ಬ್ರಿಟನ್ನಿನ ಪ್ರಸೂತಿ ಅರಿವಳಿಕೆ ಸಂಘ ಮತ್ತು ಡಿಫಿಕಲ್ಟ್ ಏರ್‌ವೇ ಸೊಸೈಟಿ ಸೇರಿ, ಬಸುರಿಗೆ ಟ್ಯೂಬ್ ಹೋಗದಿದ್ದರೆ ಏನು ಮಾಡಬೇಕು ಅಂತ 2015ರಲ್ಲಿ ಮಾರ್ಗಸೂಚಿ ತಂದವು. ಅದೇ ಹೊತ್ತಿಗೆ ಬಂದ ಲೆಕ್ಕದ ಪ್ರಕಾರ, ಪೂರ್ತಿ ಅರಿವಳಿಕೆ ಪಡೆದ ಸುಮಾರು 390 ಬಸುರಿಯರಲ್ಲಿ ಒಬ್ಬರಿಗೆ ಟ್ಯೂಬ್ ಹಾಕಲು ಆಗುವುದಿಲ್ಲ. ಬೇರೆ ಆಪರೇಷನ್ನುಗಳಿಗೆ ಹೋಲಿಸಿದರೆ ಇದು ಎಷ್ಟೋ ಜಾಸ್ತಿ.

ಕಾರಣ ಒಂದಲ್ಲ. ಬಾಯಿ, ಮೂಗು, ಗಂಟಲಿನ ಒಳಪದರ ನೀರು ತುಂಬಿಕೊಂಡು ಊದಿರುತ್ತದೆ, ಮುಟ್ಟಿದರೆ ರಕ್ತ. ಬಿಪಿ ಇದ್ದರೆ ಊತ ಇನ್ನೂ ಜಾಸ್ತಿ. ಎದೆ ತುಂಬಿರುವುದರಿಂದ ಲಾರಿಂಗೋಸ್ಕೋಪಿನ ಹಿಡಿ ಅಡ್ಡ ತಾಗುತ್ತದೆ. ಬೆಳೆದ ಗರ್ಭಕೋಶ ವಪೆಯನ್ನು ಮೇಲಕ್ಕೆ ಒತ್ತಿರುತ್ತದೆ. ಉಸಿರು ಬಿಟ್ಟ ಮೇಲೂ ಶ್ವಾಸಕೋಶದಲ್ಲಿ ಉಳಿಯುವ ಗಾಳಿ ತಿಂಗಳು ತುಂಬಿದಾಗ ಐದರಲ್ಲಿ ಒಂದು ಪಾಲು ಕಡಿಮೆ, ಮಲಗಿಸಿದರೆ ಮತ್ತೂ ಕಡಿಮೆ. ಆಕ್ಸಿಜನ್ ಖರ್ಚು ಮಾತ್ರ ಹೆಚ್ಚು. ಸಣ್ಣ ತೊಟ್ಟಿ, ದೊಡ್ಡ ನಲ್ಲಿ. ಬೇರೆಯವರಲ್ಲಿ ನಿಮಿಷಗಟ್ಟಲೆ ನಿಲ್ಲುವ ಸ್ಯಾಚುರೇಷನ್ ಇವರಲ್ಲಿ ನೋಡನೋಡುತ್ತಾ ಬಿದ್ದುಹೋಗುತ್ತದೆ.

ಮೇಲಿನಿಂದ ಹೊಟ್ಟೆಯ ಭಯ. ಹೆರಿಗೆ ಟೇಬಲ್ಲಿನಲ್ಲಿ ವಾಂತಿ ಶ್ವಾಸಕೋಶಕ್ಕೆ ಇಳಿಯುವ ಬಗ್ಗೆ ಅಮೆರಿಕದ ಹೆರಿಗೆ ಡಾಕ್ಟರ್ ಮೆಂಡೆಲ್ಸನ್ ಬರೆದದ್ದು 1946ರಲ್ಲಿ. ಇವತ್ತಿಗೂ ನಾವು ಆ ಭಯದಲ್ಲೇ ಕೆಲಸ ಮಾಡುವುದು. ನಮ್ಮೂರಲ್ಲಿ ನೋವು ಶುರುವಾದ ಹೆಂಗಸಿಗೆ "ಶಕ್ತಿ ಬೇಕಲ್ಲ" ಅಂತ ಅತ್ತೆ ಗಂಜಿ ಕುಡಿಸಿಯೇ ಕಳಿಸುವುದು. ಕೇಳಿದರೆ "ಏನೂ ತಿಂದಿಲ್ಲ" ಅನ್ನುತ್ತಾರೆ. ಗಂಜಿ ಅವರ ಲೆಕ್ಕದಲ್ಲಿ ತಿಂದದ್ದಲ್ಲ, ಅಲ್ವಾ? "ಕೊನೆಗೆ ಬಾಯಿಗೆ ಹೋದದ್ದು ಏನು, ಎಷ್ಟು ಹೊತ್ತಿಗೆ" ಅಂತ ಕೇಳಿ.

ಮೊದಲು ನೋಡಿ, ಇನ್ನೊಮ್ಮೆ ನೋಡಿ

ಬಾಯಿ ತೆರೆಸಿ ನಾಲಿಗೆ ಹೊರಗೆ ಹಾಕಿಸಿ ನೋಡುವ ಪರೀಕ್ಷೆ ಎಲ್ಲರಿಗೂ ಗೊತ್ತು. ಆಂಧ್ರ ಮೂಲದ ಶೇಷಗಿರಿ ಮಲ್ಲಂಪಾಟಿ 1985ರಲ್ಲಿ ಪ್ರಕಟಿಸಿದ್ದು. ಬಸುರಿಯಲ್ಲಿ ಇದರ ತೊಂದರೆ ಏನೆಂದರೆ, ಬೆಳಿಗ್ಗೆ ಎರಡನೇ ದರ್ಜೆ ಇದ್ದದ್ದು ಸಂಜೆ ಮೂರು, ನಾಲ್ಕು ಆಗಬಹುದು (ದರ್ಜೆ ಏರಿದಷ್ಟೂ ಗಂಟಲು ಕಾಣುವುದು ಕಡಿಮೆ). ಹೊತ್ತುಗಟ್ಟಲೆ ಮುಕ್ಕಿ, ಡ್ರಿಪ್ ಏರಿಸಿಕೊಂಡವರ ಗಂಟಲು ಊದುತ್ತದೆ. ಅಡ್ಮಿಷನ್ ಹಾಳೆಯಲ್ಲಿ ಬರೆದದ್ದನ್ನು ನಂಬಿ ಮತ್ತು ಕೊಡಬೇಡಿ. ಟೇಬಲ್ ಮೇಲೆ ಮಲಗಿಸುವ ಮುಂಚೆ ಇನ್ನೊಂದು ಸಲ ಬಾಯಿ ತೆರೆಸಿ. ಐದು ಸೆಕೆಂಡಿನ ಕೆಲಸ.

ನಾನು ನೋಡುವುದು ಹೀಗೆ. ಬಾಯಿಯೊಳಗೆ ಅವರದೇ ಮೂರು ಬೆರಳು ಹಿಡಿಸುತ್ತವಾ? ಕೆಳಗಿನ ಹಲ್ಲಿನಿಂದ ಮೇಲಿನ ತುಟಿ ಕಚ್ಚಲು ಆಗುತ್ತದಾ? ಕತ್ತು ಹಿಂದಕ್ಕೆ ಬಾಗುತ್ತದಾ? ಗದ್ದದ ಕೆಳಗೆ ಜಾಗ ಇದೆಯಾ? ಧ್ವನಿ ಹೇಗಿದೆ? ಬಿಪಿ ಇರುವವರಲ್ಲಿ ಗಂಡ ಬಂದು "ನಿನ್ನೆಯಿಂದ ಧ್ವನಿ ದಪ್ಪ ಆಗಿದೆ" ಅಂದರೆ ನನ್ನ ಕಿವಿ ನೆಟ್ಟಗಾಗುತ್ತದೆ. ಅದು ನೆಗಡಿ ಇರಲಾರದು, ಒಳಗಿನ ಊತ ಇರಬಹುದು.

ನಮ್ಮ ಕಡೆಯ ವಿಶೇಷ ಇನ್ನೊಂದಿದೆ. ಅಡಿಕೆ. ಎಲೆಯಡಿಕೆ, ಕಡ್ಡಿಪುಡಿ, ಗುಟ್ಕಾ ವರ್ಷಗಟ್ಟಲೆ ಹಾಕಿದವರ ಕೆನ್ನೆಯ ಒಳಭಾಗ ಬೆಳ್ಳಗಾಗಿ, ಚರ್ಮದ ಹಗ್ಗದ ಹಾಗೆ ಬಿಗಿದು, ಬಾಯಿ ಎರಡು ಬೆರಳೂ ತೆರೆಯುವುದಿಲ್ಲ. ಹೆಂಗಸರು ಇದನ್ನು ತಾವಾಗಿ ಹೇಳುವುದಿಲ್ಲ. "ಖಾರ ತಿಂದರೆ ಉರಿಯುತ್ತಾ?" ಅಂತ ಕೇಳಿ ನೋಡಿ, ಹೌದು ಅಂತ ತಲೆ ಆಡಿಸುತ್ತಾರೆ. ಈ ಬಿಗಿತ ಮತ್ತಿನ ಔಷಧಿಗೂ ಸಡಿಲ ಆಗುವುದಿಲ್ಲ, ಸ್ನಾಯು ಸಡಿಲಿಸುವ ಸ್ಕೋಲಿನ್‌ಗೂ ಆಗುವುದಿಲ್ಲ. ಎಚ್ಚರದಲ್ಲಿ ಎಷ್ಟು ತೆರೆಯಿತೋ ಮತ್ತಿನಲ್ಲೂ ಅಷ್ಟೇ. ಹಾಗೇ ಸೀಮೆಎಣ್ಣೆ ಸ್ಟೌವಿನ ಬೆಂಕಿಗೆ ಸುಟ್ಟು ಗದ್ದ ಎದೆಗೆ ಅಂಟಿದವರು, ದೊಡ್ಡ ಗಳಗಂಡ ಇರುವವರು. ಸೆರಗಿನ ಕೆಳಗೆ ಇರುವುದು ಕೇಳದೆ ಕಾಣುವುದಿಲ್ಲ.

ಕೊನೆಗೆ ಕತ್ತಿನ ಮುಂಭಾಗಕ್ಕೆ ಬೆರಳು ಹಾಕಿ. ಥೈರಾಯ್ಡ್ ಮೃದ್ವಸ್ಥಿಯ ಉಬ್ಬಿನಿಂದ ಕೆಳಗೆ ಜಾರಿದರೆ ಒಂದು ತಗ್ಗು ಸಿಗುತ್ತದೆ, ಅದರ ಕೆಳಗೆ ಕ್ರಿಕಾಯ್ಡ್ ಉಂಗುರ. ಆ ತಗ್ಗೇ ಕ್ರಿಕೋಥೈರಾಯ್ಡ್ ಪೊರೆ. ಬೇರೆಲ್ಲ ದಾರಿ ಮುಚ್ಚಿದರೆ ಕತ್ತು ತೆರೆದು ಗಾಳಿ ಕೊಡುವುದು ಅಲ್ಲಿಂದಲೇ. ಹೆಂಗಸರಲ್ಲಿ, ಅದರಲ್ಲೂ ದಪ್ಪ ಇರುವವರಲ್ಲಿ ಅದು ಸುಲಭಕ್ಕೆ ಸಿಗುವುದಿಲ್ಲ. ಕಷ್ಟ ಅನ್ನಿಸಿದವರಲ್ಲಿ ಕತ್ತು ಹಿಂದಕ್ಕೆ ಬಾಗಿಸಿ, ಹುಡುಕಿ, ಪೆನ್ನಿನಲ್ಲಿ ಗೆರೆ ಹಾಕಿಬಿಡಿ. ಅಲ್ಟ್ರಾಸೌಂಡ್ ಇದ್ದರೆ ಅದರಲ್ಲೇ ನೋಡಿ. ಶಾಂತವಾಗಿದ್ದಾಗ ಸಿಗದ ಜಾಗ ಗಾಬರಿಯಲ್ಲಿ ಸಿಗುತ್ತದಾ?

ಮೊದಲೇ ಗೊತ್ತಾದರೆ

ಕಷ್ಟ ಅಂತ ಗೊತ್ತಾದ ಮೇಲೆ ಅರ್ಧ ಕೆಲಸ ಹೆರಿಗೆ ವಾರ್ಡಿನದು. ಸಿಸ್ಟರಿಗೆ ಹೇಳಿಡಿ: ಈಕೆಗೆ ನೋವು ಶುರುವಾದ ಕೂಡಲೇ ನನಗೆ ಫೋನ್ ಮಾಡಿ, ಮಗುವಿನ ಎದೆಬಡಿತ ಬಿದ್ದ ಮೇಲೆ ಅಲ್ಲ. ಎಪಿಡ್ಯೂರಲ್ (ಬೆನ್ನಿನಲ್ಲಿಟ್ಟ ಸಣ್ಣ ನಾಳದಿಂದ ಮರಗಟ್ಟಿಸುವುದು) ಸೌಲಭ್ಯ ಇದ್ದರೆ ಬೇಗ ಹಾಕಿ, ಅದು ಕೆಲಸ ಮಾಡುತ್ತಿದೆಯಾ ಅಂತ ಆಗಾಗ ನೋಡಿ. ಇಲ್ಲದಿದ್ದರೆ ಸ್ಪೈನಲ್. ಆದರೆ ಒಂದು ಮಾತು. ಸ್ಪೈನಲ್ ಕೊಟ್ಟರೆ ಗಂಟಲಿನ ಸಮಸ್ಯೆ ಮಾಯ ಆಗುವುದಿಲ್ಲ, ಸ್ವಲ್ಪ ದೂರ ಹೋಗುತ್ತದೆ ಅಷ್ಟೇ. ಸ್ಪೈನಲ್ ಕೂರದಿರಬಹುದು, ತೀರಾ ಮೇಲಕ್ಕೆ ಏರಬಹುದು, ಮಧ್ಯದಲ್ಲಿ ರಕ್ತಸ್ರಾವ ಆಗಬಹುದು. ಟ್ರೇ ತೆರೆದೇ ಇರಲಿ.

ಬಾಯಿ ತೆರೆಯುವುದೇ ಇಲ್ಲ, ಸ್ಪೈನಲ್ಲೂ ಆಗುವುದಿಲ್ಲ ಅಂದರೆ ಎಚ್ಚರದಲ್ಲೇ ಟ್ಯೂಬ್ ಹಾಕಬೇಕು. ಗಂಟಲಿಗೆ ಲಿಗ್ನೊಕೇನ್ ಹಾಕಿ ಮರಗಟ್ಟಿಸಿ, ಫೈಬರ್ ಸ್ಕೋಪಿನಲ್ಲಿ. ಬಾಯಿ ಸ್ವಲ್ಪ ತೆರೆಯುವವರಲ್ಲಿ ವಿಡಿಯೋ ಲಾರಿಂಗೋಸ್ಕೋಪಿನಲ್ಲೂ ಆಗುತ್ತದೆ. ಲಿಗ್ನೊಕೇನ್ ಒಟ್ಟು ಲೆಕ್ಕ ಕೆಜಿಗೆ 9 ಮಿಲಿಗ್ರಾಂ ದಾಟಬಾರದು. ಮೂಗಿನ ದಾರಿ ಆದಷ್ಟು ಬೇಡ. ಬಸುರಿಯ ಮೂಗಿನಲ್ಲಿ ರಕ್ತ ಶುರುವಾದರೆ ಸ್ಕೋಪಿನಲ್ಲಿ ಕೆಂಪು ಬಿಟ್ಟು ಬೇರೇನೂ ಕಾಣುವುದಿಲ್ಲ. ಬಾಯಿಯೊಳಗೆ ಹೊಗಲು ಜಾಗವೇ ಇಲ್ಲದವರಲ್ಲಿ ಮಾತ್ರ ಮೂಗೇ ಗತಿ. ಆಗ ಮೊದಲು ರಕ್ತ ನಿಲ್ಲಿಸುವ ಹನಿ ಹಾಕಿ. ಅಡಿಕೆಯಿಂದ ಬಾಯಿ ಬಿಗಿದ ಒಬ್ಬ ಹೆಂಗಸನ್ನು ಮೂವತ್ತಾರನೇ ವಾರದಲ್ಲೇ ಮೆಡಿಕಲ್ ಕಾಲೇಜಿಗೆ ಕಳಿಸಿದೆ. "ನೋವೇ ಬಂದಿಲ್ಲ, ಯಾಕೆ ಕಳಿಸ್ತೀರಿ" ಅಂತ ಮನೆಯವರು ಜಗಳಕ್ಕೆ ನಿಂತರು. ನಿಲ್ಲಲಿ. ನಮ್ಮಲ್ಲಿ ಫೈಬರ್ ಸ್ಕೋಪ್ ಇಲ್ಲ. ಅರ್ಧರಾತ್ರಿ ಘಾಟಿಯಲ್ಲಿ ಆಂಬುಲೆನ್ಸ್ ಹತ್ತಿಸುವುದಕ್ಕಿಂತ ಹಗಲು ಹೊತ್ತಿನ ಜಗಳ ವಾಸಿ.

ಟೇಬಲ್ ಸಿದ್ಧ ಮಾಡುವುದು

ಮೊದಲು ತಲೆಗೂದಲು. ನಗಬೇಡಿ. ಹೆರಿಗೆಗೆ ಬರುವವರು ತುರುಬು ಬಿಗಿದು, ಕೆಲವರು ಮೇಲೆ ಮಲ್ಲಿಗೆ ಮುಡಿದು ಬಂದಿರುತ್ತಾರೆ. ಅದರ ಮೇಲೆ ಮಲಗಿಸಿದರೆ ಗದ್ದ ಎದೆಗೆ ಬೀಳುತ್ತದೆ. ತುರುಬು ಬಿಚ್ಚಿ, ಜಡೆಯನ್ನು ಪಕ್ಕಕ್ಕೆ ಹಾಕಿ. ಮೂಗುತಿ ಮಾಸ್ಕಿನ ಅಂಚಿಗೆ ಸಿಕ್ಕಿ ಗಾಳಿ ಸೋರುತ್ತದೆ, ತೆಗೆಸಿ. ಕೊರಳಿನ ಕರಿಮಣಿ ತೆಗೆಸಲು ಒಪ್ಪದಿದ್ದರೆ ಹಿಂದಕ್ಕೆ ಸರಿಸಿ, ಕತ್ತಿನ ಮುಂಭಾಗ ಬರಿದಾಗಿರಲಿ.

ಆಮೇಲೆ ಎತ್ತರ. ಕಿವಿಯ ರಂಧ್ರ ಮತ್ತು ಎದೆಮೂಳೆಯ ಮೇಲಿನ ಗುಳಿ ಒಂದೇ ಮಟ್ಟಕ್ಕೆ ಬರಬೇಕು. ಇದಕ್ಕೆ ಬೆಲೆಬಾಳುವ ದಿಂಬು ಬೇಕಿಲ್ಲ. ನಾಲ್ಕು ಓಟಿ ಶೀಟು ಮಡಚಿ ಭುಜದ ಕೆಳಗೆ ಮೆಟ್ಟಿಲಿನ ಹಾಗೆ, ಮೇಲೊಂದು ದಿಂಬು ತಲೆಗೆ. ಪಕ್ಕದಲ್ಲಿ ಕೂತು ಕಣ್ಣಳತೆಯಲ್ಲಿ ನೋಡಿ. ಟೇಬಲ್ಲಿನ ತಲೆ ಕಡೆ 20ರಿಂದ 30 ಡಿಗ್ರಿ ಎತ್ತರ, ಎಡಕ್ಕೆ 15 ಡಿಗ್ರಿ ವಾಲಿಕೆ. ಇಷ್ಟು ಮಾಡಿದರೆ ಎದೆ ಕೆಳಗೆ ಇಳಿಯುತ್ತದೆ, ಶ್ವಾಸಕೋಶಕ್ಕೆ ಜಾಗ ಸಿಗುತ್ತದೆ, ಲಾರಿಂಗೋಸ್ಕೋಪಿಗೂ ಜಾಗ. ಸಾಧ್ಯವಿದ್ದರೆ ಗಿಡ್ಡ ಹಿಡಿಯದ್ದು ಇಟ್ಟುಕೊಳ್ಳಿ. ವಿಡಿಯೋ ಲಾರಿಂಗೋಸ್ಕೋಪ್ ಇದ್ದರೆ ಅದನ್ನು ಬೀರುವಿನಿಂದ ಹೊರಗೆ ತೆಗೆಯಿರಿ, ಮೊದಲನೇ ಸಲಕ್ಕೇ ಬಳಸಿ. "ಕಷ್ಟ ಆದರೆ ತೆಗೆಯೋಣ" ಅಂತ ಬೀಗ ಹಾಕಿಟ್ಟ ಉಪಕರಣ ಎಷ್ಟು ನೋಡಿಲ್ಲ ನಾನು!

ಟ್ರೇಯಲ್ಲಿ: ಕೆಲಸ ಮಾಡುವ ಎರಡು ಲಾರಿಂಗೋಸ್ಕೋಪ್, ಬೂಜಿ, 7, 6.5, 6 ಸೈಜಿನ ಕಫ್ (ಸುತ್ತ ಉಬ್ಬಿ ಸೋರಿಕೆ ತಡೆಯುವ ಬಲೂನು) ಇರುವ ಟ್ಯೂಬ್. ಬಿಪಿಯಿಂದ ಮುಖ ಊದಿದವರಿಗೆ ನಾನು ಶುರುವಿಗೇ 6.5 ತೆಗೆದುಕೊಳ್ಳುತ್ತೇನೆ. ಐಜೆಲ್ ಅಥವಾ ಹೊಟ್ಟೆಯ ನಾಳ ಇಳಿಸಲು ದಾರಿ ಇರುವ ಬೇರೆ ಎಲ್ಎಂಎ (ಐಜೆಲ್ಲಿನ ಹಾಗೆ ಗಂಟಲಲ್ಲಿ ಕೂರುವ ಮಾಸ್ಕ್), 3 ಮತ್ತು 4 ಎರಡೂ ಸೈಜು. 10ನೇ ನಂಬರಿನ ಸ್ಕಾಲ್ಪೆಲ್. ಸಕ್ಷನ್ ಚಾಲೂ ಮಾಡಿ ತುದಿಯನ್ನು ದಿಂಬಿನ ಕೆಳಗೆ, ಬಲಗೈಗೆ ಸಿಗುವ ಹಾಗೆ. ಜನರೇಟರ್ ಹತ್ತಿಕೊಳ್ಳುವವರೆಗೆ ಸಕ್ಷನ್ ಸಾಯುವ ಆಸ್ಪತ್ರೆಯಾದರೆ ಕಾಲಲ್ಲಿ ಒತ್ತುವ ಸಕ್ಷನ್ ಪಕ್ಕದಲ್ಲಿರಲಿ. ಹೊರಬಿಡುವ ಉಸಿರಿನ ಕಾರ್ಬನ್ ಡೈಆಕ್ಸೈಡನ್ನು ಅಲೆಯಾಗಿ ತೋರಿಸುವ ಕ್ಯಾಪ್ನೋಗ್ರಾಫ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬಾರದು. ಅಲೆ ಬರದಿದ್ದರೆ ಟ್ಯೂಬ್ ಶ್ವಾಸನಾಳದಲ್ಲಿ ಇಲ್ಲ ಅಂತಲೇ ತಿಳಿಯಿರಿ. "ಎದೆಯಲ್ಲಿ ಸದ್ದು ಕೇಳಿಸಿತು" ಅನ್ನುವುದನ್ನು ನಂಬಬೇಡಿ.

ಹೊಟ್ಟೆಯ ಹುಳಿಯ ಅಪಾಯ ತಗ್ಗಿಸಲು ರಾನಿಟಿಡಿನ್ 50 ಮಿಲಿಗ್ರಾಂ, ಮೆಟೊಕ್ಲೊಪ್ರಮೈಡ್ 10 ಮಿಲಿಗ್ರಾಂ ನರಕ್ಕೆ. ಸೋಡಿಯಂ ಸಿಟ್ರೇಟ್ ಸಿಕ್ಕರೆ 30 ಮಿಲಿ ಕುಡಿಸಿ.

ಎರಡು ಮಾತು, ಜೋರಾಗಿ

ಆ ರಾತ್ರಿಯ ನಂತರ ನಾನು ಹಾಕಿಕೊಂಡ ಕಟ್ಟಳೆ ಇದು. ಮಾಸ್ಕ್ ಮುಖಕ್ಕಿಟ್ಟು ಆಕ್ಸಿಜನ್ ಕೊಡುವ ಮೂರು ನಿಮಿಷ ಇರುತ್ತದಲ್ಲ, ಆಗ ಹೆರಿಗೆ ಡಾಕ್ಟರಿಗೆ ಕೇಳುವ ಹಾಗೆ ಹೇಳುತ್ತೇನೆ: "ಟ್ಯೂಬ್ ಹೋಗದಿದ್ದರೆ ಐಜೆಲ್ ಹಾಕುತ್ತೇನೆ. ಐಜೆಲ್ ಕೂತರೆ ಮುಂದುವರಿಸುತ್ತೇವೆ." ಅಥವಾ, "ಐಜೆಲ್ ಕೂತರೂ ಎಬ್ಬಿಸುತ್ತೇನೆ, ನೀವು ಕತ್ತರಿಸಬೇಡಿ." ಎರಡರಲ್ಲಿ ಒಂದು. ಅವರು "ಸರಿ" ಅನ್ನಬೇಕು. ತಲೆ ಆಡಿಸಿದರೆ ಸಾಲದು, ಬಾಯಲ್ಲಿ ಅನ್ನಬೇಕು. ತಾಯಿ ಇನ್ನೂ ಎಚ್ಚರದಲ್ಲಿರುತ್ತಾಳೆ, ಹಾಗಾಗಿ ಗಾಬರಿ ಹುಟ್ಟಿಸದ ದನಿಯಲ್ಲಿ. ಟೈಮ್ ಇದ್ದರೆ ಬಾಗಿಲ ಹೊರಗೇ ಮಾತಾಡಿಕೊಂಡು ಬರುತ್ತೇವೆ.

ಯಾವುದನ್ನು ಹೇಳಬೇಕು? ತಾಯಿಗೇ ಜೀವಾಪಾಯ ಇದ್ದರೆ, ನಿಲ್ಲದ ರಕ್ತಸ್ರಾವ, ಹೃದಯ ನಿಂತದ್ದು, ಹೀಗಿದ್ದರೆ ಮುಂದುವರಿಸುವುದು. ಮಗುವಿನ ಎದೆಬಡಿತ ಬಿದ್ದು ಏಳುತ್ತಿಲ್ಲ, ಬೇರೆ ದಾರಿ ಇಲ್ಲ, ಐಜೆಲ್ ಚೆನ್ನಾಗಿ ಕೂತಿದೆ ಅಂದರೂ ಸಾಮಾನ್ಯವಾಗಿ ಮುಂದುವರಿಸುತ್ತೇವೆ. ತಾಯಿ, ಮಗು ಇಬ್ಬರೂ ಸರಿಯಿದ್ದು, ಬರೀ ಸ್ಪೈನಲ್ ಕೂರದೆ ಪೂರ್ತಿ ಮತ್ತಿಗೆ ಬಂದವರಾದರೆ ಎಬ್ಬಿಸಿ. ತುಂಬಾ ದಪ್ಪ, ಈಗಷ್ಟೇ ಊಟ ಮಾಡಿದ್ದಾರೆ, ಹಿಂದೆ ಎರಡು ಮೂರು ಸಿಸೇರಿಯನ್ ಆಗಿ ಆಪರೇಷನ್ ಉದ್ದ ಹೋಗುವ ಹಾಗಿದೆ ಅನ್ನುವುದೆಲ್ಲ ಎಬ್ಬಿಸುವ ಕಡೆಗೇ ತೂಗುತ್ತದೆ. ನಿಮ್ಮ ಕೈ ಎಷ್ಟು ಪಳಗಿದೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ, ಅದರಲ್ಲಿ ನಾಚಿಕೆ ಬೇಡ. ಮಗುವಿನ ವಿಷಯದಲ್ಲಿ ಎಲ್ಲರಿಗೂ ಮನಸ್ಸು ಎಳೆಯುತ್ತದೆ. ಆದರೆ ತಾಯಿ ಮೊದಲು.

ಎರಡನೇ ಮಾತು ಸಿಸ್ಟರಿಗೆ: "ಎರಡು ಸಲ ಆದ ಮೇಲೆ ನನ್ನ ಕೈಗೆ ಐಜೆಲ್ ಕೊಡಿ. ನಾನು ಬೇಡ ಅಂದರೂ ಕೊಡಿ." ನಮ್ಮ ಓಟಿಗಳಲ್ಲಿ ಡಾಕ್ಟರಿಗೆ ಎದುರು ಹೇಳುವ ರೂಢಿ ಇಲ್ಲ. ಅನುಮತಿ ಮೊದಲೇ ಕೊಟ್ಟಿರಬೇಕು. ಆ ರಾತ್ರಿ ಕೊಡದೇ ಇದ್ದರೂ ಅವರು ಕೈಗೆ ಇಟ್ಟರು, ಅದು ನನ್ನ ಪುಣ್ಯ.

ಔಷಧಿಯಿಂದ ಟ್ಯೂಬಿನವರೆಗೆ

ಮಾಸ್ಕ್ ಬಿಗಿಯಾಗಿ, 10 ಲೀಟರ್ ಆಕ್ಸಿಜನ್, ಮೂರು ನಿಮಿಷ. ಅಷ್ಟು ಹೊತ್ತಿಲ್ಲದಿದ್ದರೆ ಒಂದು ನಿಮಿಷದಲ್ಲಿ ಎಂಟು ದೀರ್ಘ ಉಸಿರು. ಗ್ಯಾಸ್ ಮಾನಿಟರ್ ಇದ್ದರೆ ಹೊರಬಿಡುವ ಉಸಿರಲ್ಲಿ ಆಕ್ಸಿಜನ್ 90 ಶೇಕಡಾ ಮುಟ್ಟಲಿ. ಮಾಸ್ಕಿನ ಕೆಳಗೆ ಮೂಗಿಗೆ ಪ್ರಾಂಗ್ಸ್ ಹಾಕಿ 5 ಲೀಟರ್ ಬಿಟ್ಟಿರಿ, ಪ್ರಜ್ಞೆ ತಪ್ಪಿದ ಮೇಲೆ 15ಕ್ಕೆ ಏರಿಸಿ. ನಮ್ಮ ಆಲ್ ಇಂಡಿಯಾ ಡಿಫಿಕಲ್ಟ್ ಏರ್‌ವೇ ಅಸೋಸಿಯೇಷನ್ 2016ರಲ್ಲಿ ಒತ್ತಿ ಹೇಳಿದ್ದು ಇದನ್ನೇ. ಖರ್ಚು ಕಡಿಮೆ, ಉಪಯೋಗ ದೊಡ್ಡದು. ಅದಕ್ಕೊಂದು ಬೇರೆ ಆಕ್ಸಿಜನ್ ಮೂಲ ಬೇಕು, ಮರೆಯಬೇಡಿ.

ಥಯೋಪೆಂಟೋನ್ ಕೆಜಿಗೆ 5 ಮಿಲಿಗ್ರಾಂ ಅಥವಾ ಪ್ರೊಪೋಫಾಲ್ 2ರಿಂದ 2.5. ರಕ್ತ ಹೋಗಿ ಬಿಪಿ ಕುಸಿದವರಿಗೆ ಕೆಟಮಿನ್. ಆಮೇಲೆ ಸ್ಕೋಲಿನ್ 1ರಿಂದ 1.5. ಜಿಪುಣತನ ಮಾಡಿ ಅರ್ಧಂಬರ್ಧ ಕೊಟ್ಟರೆ ದವಡೆ ಸಡಿಲ ಆಗುವುದಿಲ್ಲ, ಇಲ್ಲದ ಕಷ್ಟವನ್ನು ನೀವೇ ತಂದುಕೊಂಡ ಹಾಗೆ. ಸ್ಕೋಲಿನ್ ಬದಲು ರೊಕುರೋನಿಯಂ ಕೊಡುವವರು 1.2 ಕೊಡಿ, ಆದರೆ ಅದನ್ನು ಇಳಿಸುವ ಸುಗಮಾಡೆಕ್ಸ್ ಕೆಜಿಗೆ 16 ಮಿಲಿಗ್ರಾಂ ಲೆಕ್ಕದಲ್ಲಿ ಓಟಿಯಲ್ಲೇ ಇದೆಯಾ ನೋಡಿಕೊಂಡು. ಬಿಪಿ ಇರುವವರಲ್ಲಿ ಲಾರಿಂಗೋಸ್ಕೋಪ್ ತಾಗಿದೊಡನೆ ಬಿಪಿ ಮಿದುಳಿನ ರಕ್ತನಾಳ ಒಡೆಯುವ ಮಟ್ಟಕ್ಕೆ ಹಾರಬಹುದು. ಲಬೆಟಲಾಲ್ ಕೊಟ್ಟು ಇಳಿಸಿಯೇ ಮುಂದೆ ಹೋಗಿ.

ಹೊಟ್ಟೆಯಲ್ಲಿರುವುದು ಮೇಲೆ ಬರದ ಹಾಗೆ ಕ್ರಿಕಾಯ್ಡ್ ಒತ್ತುವುದನ್ನು ಬ್ರಿಟನ್ನಿನ ಅರಿವಳಿಕೆ ಡಾಕ್ಟರ್ ಸೆಲಿಕ್ 1961ರಲ್ಲಿ ಹೇಳಿದ್ದು. ಒತ್ತಬೇಕಾ ಬೇಡವಾ ಅನ್ನುವ ಜಗಳ ಇನ್ನೂ ಮುಗಿದಿಲ್ಲ. ನಾನು ಒತ್ತಿಸುತ್ತೇನೆ, ಅಡ್ಡ ಬಂದರೆ ಬಿಡಿಸುತ್ತೇನೆ. ಎಚ್ಚರದಲ್ಲಿ ಒಂದು ಕೆಜಿ ಭಾರದಷ್ಟು, ಪ್ರಜ್ಞೆ ಹೋದ ಮೇಲೆ ಮೂರು ಕೆಜಿಯಷ್ಟು. ಮೂರು ಕೆಜಿ ಅಂದರೆ ಎಷ್ಟು? ಹೆರಿಗೆ ಕೋಣೆಯಲ್ಲಿ ಮಗು ತೂಗುವ ತಕ್ಕಡಿ ಇದೆಯಲ್ಲ, ಅದರ ಮೇಲೆ ಎರಡು ಬೆರಳು ಒತ್ತಿ ಮುಳ್ಳು ಮೂರಕ್ಕೆ ಬರುವ ತನಕ ಅಭ್ಯಾಸ ಮಾಡಿಸಿ. ನಮ್ಮ ಸಿಸ್ಟರುಗಳು ಮೊದಲ ದಿನ ಐದು ಕೆಜಿ ಒತ್ತಿದ್ದರು. ಗಂಟಲು ಕಾಣದೇ ಇದ್ದದ್ದಕ್ಕೆ ಕಾರಣ ಎಷ್ಟೋ ಸಲ ಅದೇ ಇರಬೇಕು.

ಮೊದಲ ಸಲ ಸರಿಯಾಗಿ ಕಾಣದಿದ್ದರೆ ಆ ಜಾಗದಲ್ಲೇ ಸರಿಮಾಡಿ: ಕ್ರಿಕಾಯ್ಡ್ ಸಡಿಲಿಸಿ, ನಿಮ್ಮ ಬಲಗೈಯಿಂದ ಹೊರಗಿನಿಂದ ಗಂಟಲನ್ನು ಸರಿಸಿ ನೋಡಿ, ಬೂಜಿ ಹಾಕಿ. ಆಗಲಿಲ್ಲ, ಹೊರಗೆ ಬನ್ನಿ. ಮಾಸ್ಕ್ ಹಿಡಿದು ಮೆಲ್ಲಗೆ ಉಸಿರು ಕೊಡಿ, ಒತ್ತಡ 20 ಸೆಂಟಿಮೀಟರ್ ದಾಟದಂತೆ. ಮಾಸ್ಕ್ ಹಿಡಿದರೆ ವಾಂತಿ ಮೇಲೆ ಬರುತ್ತದೆ ಅಂತ ಹಳಬರು ಹೆದರಿಸಿದ್ದು ನೆನಪಿರಬಹುದು. ಹೀಗೆ ಮೆಲ್ಲಗೆ ಕೊಟ್ಟರೆ ತೊಂದರೆ ಇಲ್ಲ, ಕೊಡದಿದ್ದರೇ ತೊಂದರೆ. ಎರಡನೇ ಸಲಕ್ಕೆ ಏನಾದರೂ ಬದಲಿಸಿ: ಬ್ಲೇಡು, ದಿಂಬು, ಟ್ಯೂಬಿನ ಸೈಜು. ಅದೇ ಕೈ, ಅದೇ ಬ್ಲೇಡು, ಅದೇ ಕೋನದಲ್ಲಿ ಮತ್ತೆ ಹಾಕಿದರೆ ಅದೇ ಕಾಣುತ್ತದೆ, ಜೊತೆಗೆ ಸ್ವಲ್ಪ ರಕ್ತ ಮತ್ತು ಊತ. ಎರಡಕ್ಕೆ ನಿಲ್ಲಿಸಿ. ಮೂರನೇದು ನಿಮಗಿಂತ ಪಳಗಿದ ಇನ್ನೊಬ್ಬರು ಓಟಿಯಲ್ಲಿ ಇದ್ದರೆ ಮಾತ್ರ, ಅವರ ಕೈಯಲ್ಲಿ. ಸ್ಯಾಚುರೇಷನ್ 95ಕ್ಕಿಂತ ಕೆಳಗಿದ್ದರೆ ಎರಡನೇದೂ ಬೇಡ, ಮೊದಲು ಮಾಸ್ಕ್.

"ಟ್ಯೂಬ್ ಹೋಗಲಿಲ್ಲ"

ಇದನ್ನು ಬಾಯಿಬಿಟ್ಟು ಹೇಳಬೇಕು. ಟ್ಯೂಬ್ ಹೋಗದಿದ್ದಾಗ ಹೆಜ್ಜೆ ಹೆಜ್ಜೆಯಾಗಿ ಏನು ಮಾಡಬೇಕು ಅನ್ನುವ ಕ್ರಮವನ್ನು ಬಸುರಿಯರಿಗಾಗಿ ಮೊದಲು ಬರೆದಿಟ್ಟವರು ಸ್ಕಾಟ್ಲೆಂಡಿನ ಅಬರ್ಡೀನಿನ ಅರಿವಳಿಕೆ ಡಾಕ್ಟರ್ ಟನ್‌ಸ್ಟಾಲ್, 1976ರಲ್ಲಿ. ಆ ಕ್ರಮ ಶುರುವಾಗಬೇಕಾದರೆ ಒಬ್ಬರು ಸೋಲು ಒಪ್ಪಿಕೊಳ್ಳಬೇಕು, ನಮಗೆ ಕಷ್ಟ ಆಗುವುದು ಅಲ್ಲೇ. ಹೇಳಿದ ಕ್ಷಣ ಓಟಿ ಬದಲಾಗುತ್ತದೆ. ಯಾರೋ ಫೋನಿಗೆ ಓಡುತ್ತಾರೆ, ಯಾರೋ ಸ್ಕಾಲ್ಪೆಲ್ ಬಿಚ್ಚುತ್ತಾರೆ.

ಕ್ರಿಕಾಯ್ಡ್ ಬಿಡಿಸಿ ಐಜೆಲ್ ಹಾಕಿ, ಗರಿಷ್ಠ ಎರಡು ಸಲ. ಕ್ಯಾಪ್ನೋಗ್ರಾಫಿನ ಅಲೆ ಬಂತು, ಸ್ಯಾಚುರೇಷನ್ ಏರಿತು ಅಂದರೆ ಮೊದಲೇ ಹೇಳಿಟ್ಟದ್ದನ್ನು ಮಾಡಿ. ಆ ಹೊತ್ತಿನಲ್ಲಿ ಕೂತು ತೂಗಿ ನೋಡುವಷ್ಟು ತಲೆ ಓಡುವುದಿಲ್ಲ, ನಂಬಿ.

ಮುಂದುವರಿಸುವುದಾದರೆ: ಸೆವೊಫ್ಲೂರೇನ್ ಅಥವಾ ಪ್ರೊಪೋಫಾಲ್ ಮೇಲೆ ಆಳವಾಗಿ ಇಡಿ. ಸ್ಥಿರವಾದ ಮೇಲೆ ಐಜೆಲ್ಲಿನ ಪಕ್ಕದ ದಾರಿಯಲ್ಲಿ 12 ನಂಬರಿನ ನಾಳ ಇಳಿಸಿ ಹೊಟ್ಟೆ ಖಾಲಿ ಮಾಡಿ. ಮಗು ತೆಗೆಯುವಾಗ ಹೊಟ್ಟೆಯ ಮೇಲ್ಭಾಗ ಒತ್ತಬೇಡಿ ಅಂತ ಹೇಳಿ, ಆ ಒತ್ತಿಗೇ ಹೊಟ್ಟೆಯಲ್ಲಿರುವುದು ಮೇಲೆ ಬರುವುದು. ಅಲ್ಲಿರುವವರಲ್ಲಿ ಕೈ ಚುರುಕಿರುವ ಹೆರಿಗೆ ಡಾಕ್ಟರೇ ಮಾಡಲಿ. ಮಕ್ಕಳ ಡಾಕ್ಟರಿಗೆ ಮಗು ಮಂಪರಿನಲ್ಲಿ ಬರಬಹುದು ಅಂತ ತಿಳಿಸಿ. ಐಜೆಲ್ಲಿನೊಳಗಿಂದ ಕುರುಡಾಗಿ ಟ್ಯೂಬ್ ತೂರಿಸುವ ಸಾಹಸ ಬೇಡ.

ಎಬ್ಬಿಸುವುದಾದರೆ: ತಲೆ ಎತ್ತರದಲ್ಲಿಟ್ಟು ಅಥವಾ ಎಡ ಮಗ್ಗುಲಿಗೆ ಹೊರಳಿಸಿ, ಆಕ್ಸಿಜನ್ ಬಿಡದೆ. ಎಚ್ಚರವಾಗುವಾಗ ಗಂಟಲು ಬಿಗಿದು ಉಸಿರು ಕಟ್ಟಬಹುದು, ಅದಕ್ಕೆ ಸಿದ್ಧವಾಗಿರಿ. ಎಚ್ಚರವಾದ ಮೇಲೆ ಮತ್ತೆ ಸ್ಪೈನಲ್ ಅಥವಾ ಎಚ್ಚರದ ಟ್ಯೂಬ್.

ಗಾಳಿಯೇ ಹೋಗದಿದ್ದರೆ

ಟ್ಯೂಬ್ ಇಲ್ಲ, ಐಜೆಲ್ ಕೂರುತ್ತಿಲ್ಲ, ಮಾಸ್ಕಿನಲ್ಲೂ ಎದೆ ಏಳುತ್ತಿಲ್ಲ. ಸ್ಕೋಲಿನ್ ಇಳಿದು ಗಂಟಲು ಬಿಗಿದಿದೆಯಾ ನೋಡಿ, ಸ್ನಾಯು ಸಡಿಲಿಸುವ ಔಷಧಿ ಮತ್ತೆ ಕೊಡಿ, ಮಾಸ್ಕಿನಲ್ಲಿ ಕೊನೆಯ ಪ್ರಯತ್ನ. ಆಗಲಿಲ್ಲವಾದರೆ ಕತ್ತಿನ ಮುಂಭಾಗದಿಂದ. ಸ್ಯಾಚುರೇಷನ್ ಇನ್ನೂ ಎಷ್ಟು ಬೀಳುತ್ತದೆ ಅಂತ ಕಾಯುತ್ತಾ ನಿಲ್ಲಬೇಡಿ.

ದಿಂಬು ತೆಗೆದು ಕತ್ತು ಪೂರ್ತಿ ಹಿಂದಕ್ಕೆ. ಎಡಗೈಯಲ್ಲಿ ಗಂಟಲಿನ ಪೆಟ್ಟಿಗೆ ಹಿಡಿದು, ಮೊದಲೇ ಹಾಕಿದ ಗೆರೆಯ ಮೇಲೆ ಸ್ಕಾಲ್ಪೆಲ್ಲನ್ನು ಅಡ್ಡಕ್ಕೆ ಚುಚ್ಚಿ. ಹೊರಗೆ ತೆಗೆಯಬೇಡಿ. ಹರಿತದ ಅಂಚು ಕಾಲಿನ ಕಡೆ ಬರುವ ಹಾಗೆ ತಿರುಗಿಸಿ. ಬ್ಲೇಡಿನ ಪಕ್ಕದಿಂದ ಬೂಜಿ ಜಾರಿಸಿ, ಬ್ಲೇಡು ತೆಗೆಯಿರಿ, ಬೂಜಿಯ ಮೇಲೆ 6 ನಂಬರಿನ ಟ್ಯೂಬ್. ಕಫ್ ಉಬ್ಬಿಸಿ, ಅಲೆ ನೋಡಿ. ಬೆರಳಿಗೆ ಪೊರೆ ಸಿಗದ ದಪ್ಪ ಕತ್ತಾದರೆ ಮೊದಲು ನಡುವೆ ಉದ್ದುದ್ದ 8ರಿಂದ 10 ಸೆಂಟಿಮೀಟರ್ ಸೀಳಿ, ಬೆರಳುಗಳಿಂದ ಬಿಡಿಸಿ, ಒಳಗೆ ತಡಕಿ, ಆಮೇಲೆ ಇದೇ ಕ್ರಮ. ರಕ್ತ ಬರುತ್ತದೆ. ಬರಲಿ.

ಇದನ್ನು ಓದಿ ಕಲಿಯಲು ಆಗುವುದಿಲ್ಲ. ಮಟನ್ ಅಂಗಡಿಯವನಿಗೆ ಮೊದಲೇ ಹೇಳಿ ಭಾನುವಾರ ಕುರಿಯ ಗಂಟಲು ತರಿಸಿ. ನಮ್ಮ ಅಂಗಡಿಯವನು ಮೊದಲ ಸಲ "ಸಾರಿಗಾ ಮೇಡಂ?" ಅಂತ ಕೇಳಿದ, ಈಗ ಕೇಳದೇ ಎತ್ತಿಟ್ಟಿರುತ್ತಾನೆ. ಅದಕ್ಕೆ ಮೇಲೊಂದು ಸ್ಪಾಂಜು ಸುತ್ತಿ, ಗ್ಲೌಸಿನ ಪದರ ಹೊದಿಸಿದರೆ ಕತ್ತು ಸಿದ್ಧ. ಚುಚ್ಚು, ತಿರುಗಿಸು, ಬೂಜಿ, ಟ್ಯೂಬ್. ನಾನು, ಹೊಸ ಡಾಕ್ಟರುಗಳು, ಸಿಸ್ಟರುಗಳು, ಎಲ್ಲರೂ ಸರದಿಯಲ್ಲಿ ಮಾಡುತ್ತೇವೆ. ನಿಜವಾದ ಕತ್ತಿಗೆ ಇದನ್ನು ಮಾಡುವ ಪ್ರಸಂಗ ನನಗೆ ಈವರೆಗೆ ಬಂದಿಲ್ಲ.

ಹೃದಯ ನಿಂತೇಹೋದರೆ ಎದೆ ಒತ್ತುವಾಗ ಗರ್ಭಕೋಶವನ್ನು ಕೈಯಿಂದ ಎಡಕ್ಕೆ ಸರಿಸಿ. ನಾಲ್ಕು ನಿಮಿಷಕ್ಕೆ ಹೃದಯ ತಿರುಗಿ ಬರದಿದ್ದರೆ ಅಲ್ಲೇ ಹೊಟ್ಟೆ ತೆರೆದು ಐದನೇ ನಿಮಿಷಕ್ಕೆ ಮಗು ಹೊರಗೆ ತೆಗೆಯಬೇಕು. ಅದು ತಾಯಿಯನ್ನು ಉಳಿಸುವ ಕೆಲಸವೂ ಹೌದು.

ಟ್ಯೂಬ್ ತೆಗೆಯುವಾಗ

ಮಗು ಅತ್ತಿತು, ಹೊಲಿಗೆ ಮುಗಿಯಿತು, ಎಲ್ಲರ ಕೈ ಸಡಿಲ. ಅಪಾಯ ಇಲ್ಲಿದೆ. ಅಮೆರಿಕದ ಮಿಷಿಗನ್ ರಾಜ್ಯದ 1985ರಿಂದ 2003ರವರೆಗಿನ ತಾಯಂದಿರ ಸಾವುಗಳನ್ನು ಪರಿಶೀಲಿಸಿದಾಗ, ಉಸಿರಿನ ದಾರಿ ಕಟ್ಟಿ ಸತ್ತವರು ಯಾರೂ ಮತ್ತು ಕೊಡುವಾಗ ಸತ್ತಿರಲಿಲ್ಲ. ಎಲ್ಲ ಎಬ್ಬಿಸುವಾಗ, ಟ್ಯೂಬ್ ತೆಗೆದ ಮೇಲೆ, ರಿಕವರಿಯಲ್ಲಿ.

ಕಣ್ಣು ಬಿಟ್ಟು, ಹೇಳಿದ ಮಾತು ಕೇಳಿ, ಕೈ ಹಿಚುಕಿದ ಮೇಲೆಯೇ ತೆಗೆಯಿರಿ. ತಲೆ ಎತ್ತರದಲ್ಲಿರಲಿ. ಮ್ಯಾಗ್ನೀಷಿಯಂ ಓಡುತ್ತಿದ್ದರೆ ಸ್ನಾಯುಗಳು ತಡವಾಗಿ ತಿರುಗುತ್ತವೆ, ಅವಸರ ಬೇಡ. ಎರಡು ಮೂರು ಸಲ ಕೆದಕಿದ ಗಂಟಲಾದರೆ ಕಫಿನ ಗಾಳಿ ಬಿಟ್ಟು ಪಕ್ಕದಿಂದ ಉಸಿರು ಸೋರುವ ಸದ್ದು ಬರುತ್ತದಾ ಕೇಳಿ. ಸದ್ದಿಲ್ಲದಿದ್ದರೆ ಟ್ಯೂಬ್ ಇರಲಿ, ವೆಂಟಿಲೇಟರ್ ಇರುವ ಕಡೆ ಕಳಿಸಿ. ರಿಕವರಿಯಲ್ಲಿ ಪಲ್ಸ್ ಆಕ್ಸಿಮೀಟರ್ ಹಾಕಿ ಒಬ್ಬರು ಪಕ್ಕದಲ್ಲೇ ಕೂರಲಿ. "ನಿದ್ದೆ ಮಾಡುತ್ತಿದ್ದಾಳೆ" ಅಂತ ಸಂಬಂಧಿಕರು ಹೇಳಿದರೆ ನೀವೇ ಹೋಗಿ ನೋಡಿ. ಗೊರಕೆ ನಿದ್ದೆಯಲ್ಲ.

ಚೀಟಿ

ಮರುದಿನ ತಾಯಿಯ ಹತ್ತಿರ ಕೂತು ಏನಾಯಿತು ಅಂತ ಹೇಳಿ. ಗಂಟಲು ನೋವು ಯಾಕೆ, ಅರ್ಧ ಎಚ್ಚರ ಏನಾದರೂ ನೆನಪಿದೆಯಾ, ಎರಡನ್ನೂ ಕೇಳಿ. ಜ್ವರ, ಎದೆ ಅಥವಾ ಕತ್ತಿನ ನೋವು ಬಂದರೆ ಕೂಡಲೇ ಹೇಳಲು ತಿಳಿಸಿ, ಗಂಟಲೊಳಗೆ ಎಲ್ಲಾದರೂ ಹರಿದಿದ್ದರೆ ಅದೇ ಮೊದಲ ಲಕ್ಷಣ. ಆಮೇಲೆ ಒಂದು ಚೀಟಿ ಬರೆಯಿರಿ. ಬಾಯಿ ಎಷ್ಟು ತೆರೆಯಿತು, ಯಾವ ಬ್ಲೇಡಿನಲ್ಲಿ ಏನು ಕಂಡಿತು, ಮಾಸ್ಕ್ ಸುಲಭವಾ ಕಷ್ಟವಾ, ಕೊನೆಗೆ ಯಾವುದು ಕೂತಿತು, ಯಾವ ಸೈಜು. ಕೊನೆಯ ಸಾಲು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ: 'ಯಾವ ಆಪರೇಷನ್ ಆದರೂ ಮೊದಲು ಈ ಚೀಟಿಯನ್ನು ಅರಿವಳಿಕೆ ಕೊಡುವ ಡಾಕ್ಟರಿಗೆ ತೋರಿಸಿ.' ಲ್ಯಾಮಿನೇಷನ್ ಮಾಡಿಸಿ ತಾಯಿ ಕಾರ್ಡಿನೊಳಗೆ ಇಡಿ. ಇನ್ನೊಂದು ಪ್ರತಿ ಆಶಾ ಕಾರ್ಯಕರ್ತೆಗೆ.

ಆ ಮಳೆಗಾಲದ ಹುಡುಗಿ ನಾಲ್ಕು ವರ್ಷದ ನಂತರ ಎರಡನೇ ಬಸುರಿಗೆ ಬಂದಳು, ಏಳನೇ ತಿಂಗಳಲ್ಲಿ, ಹಗಲು ಹೊತ್ತಿನಲ್ಲಿ. ರೇಷನ್ ಕಾರ್ಡು, ಆಧಾರ್ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಚೀಟಿ ಇತ್ತು. ನನ್ನ ಅಕ್ಷರವೇ. ಕೊನೆಯ ಸಾಲನ್ನು ಅವಳೇ ಓದಿ ಹೇಳಿದಳು. ಈ ಸಲ ಪ್ಲೇಟ್‌ಲೆಟ್ ಸರಿಯಿತ್ತು, ಸ್ಪೈನಲ್ ಕೂತಿತು. ಐಜೆಲ್, ಬೂಜಿ, ಸ್ಕಾಲ್ಪೆಲ್ ತಲೆ ಕಡೆಯ ಟ್ರೇಯಲ್ಲೇ ಇದ್ದವು. ಪರದೆಯ ಆ ಕಡೆಯಿಂದ ಹೆರಿಗೆ ಡಾಕ್ಟರ್ "ಶುರು ಮಾಡಲಾ?" ಅಂದರು. "ಮಾಡಿ" ಅಂದೆ.